ಬೆಳ್ಳಿಯ ಮೈಯ ಯುದ್ಧವಿಮಾನಗಳು



ಕಡಲ ದಡದಲ್ಲಿ ಬಿದ್ದ ಕಪ್ಪೆಚಿಪ್ಪನ್ನು ದೂರದಿಂದ ಕಂಡವನು ಅದನ್ನು ಬೆಳ್ಳಿಯೆಂದು ಭ್ರಮಿಸಿ ಎತ್ತಿಕೊಳ್ಳಲು ಧಾವಿಸುವನೆಂಬ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿರುವರು. ಹತ್ತಿರ ಹೋಗಿ ನೋಡಿದಲ್ಲದೆ ಆ ಭ್ರಮೆ ಹರಿಯದು. ಬಿಸಿಲಿನಲ್ಲಿ ಥಳಥಳಿಸುತ್ತ ಹಾರುವ ಯುದ್ಧವಿಮಾನವನ್ನು ಕಂಡಾಗಲೂ ನಮಗೆ ಆಗುವುದು ಇಂಥದೇ ಅನುಭವ. ಬೆಳ್ಳಿಯ ವಿಮಾನವೆಂದು ಹುಡುಗರು ಕೈತೋರಿಸುವರು. ದೊಡ್ಡವರೂ ಹಾಗೆಯೇ ಅನ್ನುವರು. ಆದರೆ ಆ ಹೊಳಪಿನಲ್ಲಿ ಬೆಳ್ಳಿಯೆಂಬುದು ಗುಲಗಂಜಿಯ ತೂಕದಷ್ಟೂ ಇರುವುದಿಲ್ಲ.

ಹಾಗಾದರೆ ಆ ಹೊಳಪು ಯಾವುದು? ಅದರಲ್ಲಿ ಎರಡು ಜಾತಿಗಳುಂಟು. ಒಂದು, ಅಲ್ಯೂಮಿನಿಯಂ ಲೋಹದ ಪುಡಿಯನ್ನು ಅಂಟುದ್ರವದಲ್ಲಿ ಕದಡಿ ಬಳಿದ ಬಣ್ಣ. ಇನ್ನೊಂದು, ಯಾವ ಬಣ್ಣವನ್ನೂ ಬಳಿಯದೆ ಬಿಟ್ಟ ಅಲ್ಯೂಮಿನಿಯಂ ತಗಡಿನ ಸಹಜವಾದ ಮೈ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಆದರೆ ಇವೆರಡರ ಹುಟ್ಟು ಬೇರೆ, ಕಾರಣ ಬೇರೆ, ಚರಿತ್ರೆ ಬೇರೆ. ಸೈನ್ಯದ ವಿಮಾನವೊಂದು ಹೊಳೆಯಿತೆಂದರೆ ಅದು ಅಲಂಕಾರಕ್ಕಾಗಿ ಹೊಳೆದುದಲ್ಲ. ಬಿಸಿಲಿಗೋ, ಕಿಲುಬಿಗೋ, ತೂಕಕ್ಕೋ, ಭಯಕ್ಕೋ ಯಾರೋ ಲೆಕ್ಕ ಹಾಕಿ ಕೊಟ್ಟ ಉತ್ತರವಾಗಿ ಹೊಳೆಯಿತು. ಆ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದೇ ಈ ಭಾಷಣದ ಉದ್ದೇಶ. ಕೊನೆಯಲ್ಲಿ, ಈ ವಿಮಾನಗಳ ಚಿಕ್ಕ ಪ್ರತಿಕೃತಿಗಳನ್ನು ಮಾಡುವ ಹವ್ಯಾಸಿಗಳಿಗೂ ಚರಿತ್ರಕಾರನಿಗೂ ಇರುವ ನಂಟನ್ನು ಕುರಿತು ಎರಡು ಮಾತು ಹೇಳುವೆನು.

ಮೊದಲನೆಯ ಲೆಕ್ಕ ಬಿಸಿಲಿನದು. ವಿಮಾನಗಳ ಆದಿಕಾಲದಲ್ಲಿ ಅವುಗಳ ಅಸ್ಥಿಪಂಜರ ಮರದ್ದು, ಚರ್ಮ ಬಟ್ಟೆಯದು. ಅಗಸೆಯ ನಾರಿನಿಂದ ನೆಯ್ದ ಗಟ್ಟಿ ಬಟ್ಟೆಯನ್ನು ರೆಕ್ಕೆಯ ಚೌಕಟ್ಟಿಗೆ ಹೊದಿಸಿ, ಅದರ ಮೇಲೆ ಡೋಪ್ ಎಂಬ ಸೆಲ್ಯುಲೋಸಿನ ಲೇಪವನ್ನು ಪದರಪದರವಾಗಿ ಬಳಿಯುತ್ತಿದ್ದರು. ಒಣಗಿದಂತೆಲ್ಲ ಆ ಲೇಪ ಬಟ್ಟೆಯನ್ನು ಬಿಗಿಯುವುದು. ರೆಕ್ಕೆ ಮದ್ದಳೆಯ ಚರ್ಮದಂತೆ ನಾದಗೊಡುವುದು. ಆದರೆ ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಆ ಬಟ್ಟೆಯನ್ನೂ ಲೇಪವನ್ನೂ ಒಳಗಿಂದೊಳಗೆ ಕೊರೆಯುತ್ತಿದ್ದವು. ಕಣ್ಣಿಗೆ ಸರಿಯಾಗಿ ಕಾಣುವ ರೆಕ್ಕೆ ಕೆಲವು ತಿಂಗಳಲ್ಲಿ ಹಳೆಯ ಪಂಚೆಯಂತೆ ಹರಿಯುವ ಸ್ಥಿತಿಗೆ ಬರುತ್ತಿದ್ದಿತು. ಒಂದನೆಯ ಮಹಾಯುದ್ಧದ ನಡುವೆ ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿಯ ವಿಮಾನ ಕಾರ್ಖಾನೆಯವರು ಇದಕ್ಕೆ ಪಿ. ಸಿ. 10 ಎಂಬ ಲೇಪವನ್ನು ಹುಡುಕಿದರು. ಕಬ್ಬಿಣದ ಆಕ್ಸೈಡು, ಎಂದರೆ ಒಂದು ಬಗೆಯ ಕಾವಿ, ಅದರೊಡನೆ ಸ್ವಲ್ಪ ದೀಪದ ಕಾಡಿಗೆ. ಇವು ಬೆರೆತ ಖಾಕಿಯ ಬಣ್ಣವದು. ಅದು ಬೆಳಕನ್ನು ಹೀರಿ ಬಟ್ಟೆಯನ್ನು ಕಾಯುತ್ತಿದ್ದಿತು. ವಿಮಾನವನ್ನು ನೆಲದ ಬಣ್ಣದಲ್ಲಿ ಮರೆಸುವುದು ಅದರಿಂದ ಒದಗಿದ ಎರಡನೆಯ ಲಾಭ.

ಯುದ್ಧ ಮುಗಿದ ಮೇಲೆ ಮರೆಸಿಕೊಳ್ಳುವ ಅಗತ್ಯ ತಪ್ಪಿತು. ಬಿಸಿಲಿನ ಕಾಟ ಮಾತ್ರ ತಪ್ಪಲಿಲ್ಲ. ಆಗ ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್ ಮುಂದಕ್ಕೆ ಬಂದಿತು. ಈ ಪುಡಿ ಹಿಟ್ಟಿನಂತೆ ದುಂಡುಕಣಗಳದಲ್ಲ. ಮೀನಿನ ಹುರುಪೆಯಂತಹ ಚಪ್ಪಟೆಯ ಚೂರುಗಳವು. ಅಂಟುದ್ರವ ಆರುವಾಗ ಅವು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಮಲಗಿಕೊಳ್ಳುವುವು. ಹೆಂಚು ಮಳೆಯನ್ನು ತಡೆಯುವಂತೆ ಇವು ಬೆಳಕನ್ನು ತಡೆದು ಹಿಂದಕ್ಕೆ ಅಟ್ಟುವುವು. ಆದಕಾರಣ 1920ರಿಂದ ಮುಂದಿನ ದಶಕಗಳಲ್ಲಿ ಬ್ರಿಟಿಷ್ ವಾಯುದಳದ ಕಾಳಗದ ವಿಮಾನಗಳೆಲ್ಲ ಬೆಳ್ಳಿಯ ಮೈ ತೊಟ್ಟವು. ಬ್ರಿಸ್ಟಲ್ ಬುಲ್‌ಡಾಗ್, ಹಾಕರ್ ಫ್ಯೂರಿ, ಗ್ಲಾಸ್ಟರ್ ಗ್ಲಾಡಿಯೇಟರ್ ಮೊದಲಾದವು ಆ ಕಾಲದವು. ಬೆಳ್ಳಿಯ ಮೈಯ ಮೇಲೆ ಒಂದೊಂದು ದಳಕ್ಕೆ ಒಂದೊಂದು ಬಣ್ಣದ ಪಟ್ಟಿ. 43ನೆಯ ದಳಕ್ಕೆ ಕಪ್ಪುಬಿಳುಪಿನ ಚೌಕಳಿ, 56ನೆಯ ದಳಕ್ಕೆ ಕೆಂಪುಬಿಳುಪಿನ ಚೌಕಳಿ. ಲಂಡನ್ನಿನ ಹತ್ತಿರದ ಹೆಂಡನ್ ಮೈದಾನದಲ್ಲಿ 1920ರಿಂದ 1937ರವರೆಗೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ವಿಮಾನೋತ್ಸವದಲ್ಲಿ ಇವು ನೆರೆದ ಜನರ ಕಣ್ಣಿಗೆ ಹಬ್ಬವಾಗಿದ್ದುವು. 1933ರ ಏಪ್ರಿಲ್ ಮೊದಲನೆಯ ದಿನ ಕರಾಚಿಯ ಡ್ರಿಗ್ ರೋಡಿನಲ್ಲಿ ನಮ್ಮ ಭಾರತೀಯ ವಾಯುದಳದ ಮೊದಲ ತುಕಡಿ ಹುಟ್ಟಿತಷ್ಟೆ. ಅದರ ಪಾಲಿಗೆ ಬಂದ ನಾಲ್ಕು ವಾಪಿಟಿ ವಿಮಾನಗಳೂ ಹೀಗೆಯೇ ಬೆಳ್ಳಿಯ ಡೋಪ್ ಬಳಿದವು.

ಇಲ್ಲಿ ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಈ ಬೆಳ್ಳಿಯ ಹೊಳಪಿನ ಕೆಳಗೆ ಇದ್ದುದು ಬಹುಮಟ್ಟಿಗೆ ಬಟ್ಟೆ. ಉತ್ಸವಮೂರ್ತಿಗೆ ತೊಡಿಸಿದ ಬೆಳ್ಳಿಯ ಕವಚವನ್ನು ಕಂಡು ಮೂರ್ತಿಯೇ ಬೆಳ್ಳಿಯೆಂದು ಯಾರೂ ತಿಳಿಯರು. ಆದರೆ ಈ ವಿಮಾನಗಳನ್ನು ಕಂಡವರು ಲೋಹದವೆಂದು ತಿಳಿದರೆ ಆಶ್ಚರ್ಯವಿಲ್ಲ. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಸಂಧಾನದ ಕಾಲಕ್ಕೆ ಯುದ್ಧ ಹೊಸ್ತಿಲಿಗೆ ಬಂದಂತೆ ಕಂಡಾಗ, ಉಳಿದಿದ್ದ ಬೆಳ್ಳಿಯ ವಿಮಾನಗಳಿಗೆ ಅವಸರ ಅವಸರವಾಗಿ ಹಸಿರು ಮತ್ತು ಮಣ್ಣಿನ ಬಣ್ಣಗಳನ್ನು ಬಳಿದರು. ಹಬ್ಬದ ಉಡುಪನ್ನು ಕಳಚಿ ಮಡಿಸಿಟ್ಟಂತಾಯಿತು. ಬೆಳ್ಳಿಯ ಮೈ ಶಾಂತಿಕಾಲದ ಗುರುತೆಂಬ ಭಾವನೆ ಇಂಗ್ಲೆಂಡಿನ ಮಟ್ಟಿಗೆ ಹೀಗೆ ಬೇರೂರಿತು.

ಎರಡನೆಯ ಲೆಕ್ಕ ಕಿಲುಬಿನದು. ಅಲ್ಯೂಮಿನಿಯಂ ಹಗುರವಾದ ಲೋಹವೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಶುದ್ಧವಾದ ಅಲ್ಯೂಮಿನಿಯಂ ಮೆತು. ರೆಕ್ಕೆಯ ಭಾರವನ್ನು ಹೊರಲಾರದು. 1906ರಲ್ಲಿ ಬರ್ಲಿನ್ನಿನ ಸಮೀಪದ ಸಂಶೋಧನಾಲಯವೊಂದರಲ್ಲಿ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞನು ಅದಕ್ಕೆ ನೂರಕ್ಕೆ ನಾಲ್ಕು ಪಾಲು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮ್ಮನ್ನೂ ಸೇರಿಸಿ, ಕಾಯಿಸಿ, ನೀರಿನಲ್ಲಿ ಅದ್ದಿ ಪರೀಕ್ಷಿಸುತ್ತಿದ್ದನು. ಅದ್ದಿದ ದಿನ ಇದ್ದ ಗಡುಸು ಒಂದೆರಡು ದಿನ ಬಿಟ್ಟು ಅಳೆದಾಗ ತಾನಾಗಿಯೇ ಹೆಚ್ಚಿದ್ದುದು ಕಂಡುಬಂದಿತು. ಹೆಪ್ಪು ಹಾಕಿದ ಹಾಲು ರಾತ್ರಿಯೆಲ್ಲ ಕೂತು ಗಟ್ಟಿಯಾಗುವಂತೆ ಈ ಲೋಹವೂ ಸುಮ್ಮನೆ ಬಿಟ್ಟರೆ ಬಲಿಯುವುದು. ಡ್ಯೂರೆನ್ ಎಂಬ ಊರಿನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿದುದರಿಂದ ಡ್ಯುರಾಲ್ಯುಮಿನ್ ಎಂಬ ಹೆಸರು ಬಂದಿತು. 1915ರ ಡಿಸೆಂಬರಿನಲ್ಲಿ ಹ್ಯೂಗೋ ಯುಂಕರ್ಸ್ ಎಂಬವರು ಉಕ್ಕಿನ ತಗಡಿನಿಂದ ಮಾಡಿದ ವಿಮಾನವನ್ನು ಹಾರಿಸಿ, ಲೋಹದ ವಿಮಾನವೂ ಹಾರಬಲ್ಲದೆಂದು ತೋರಿಸಿದ್ದರು. ಆಮೇಲೆ ಅವರೂ ಉಕ್ಕನ್ನು ಬಿಟ್ಟು ಡ್ಯುರಾಲ್ಯುಮಿನ್ನಿಗೆ ತಿರುಗಿದರು.

ಆದರೆ ತಾಮ್ರ ಬೆರೆತುದರಿಂದ ಬಲ ಬಂದಂತೆ ಒಂದು ರೋಗವೂ ಬಂದಿತು. ಕಡಲ ಗಾಳಿ ತಗುಲಿದರೆ ಈ ಮಿಶ್ರಲೋಹ ಹರಳುಹರಳುಗಳ ಸಂಧಿಯಲ್ಲಿ ಕಿಲುಬು ಹಿಡಿದು, ಹೊರಗೆ ಅಷ್ಟಾಗಿ ಕಾಣದೆಯೇ ಒಳಗೆ ಪೆಡಸಾಗಿ ಮುರಿಯುತ್ತಿದ್ದಿತು. ಇದಕ್ಕೆ 1927ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಚಿಕಿತ್ಸೆ ನಮ್ಮ ಗೃಹಿಣಿಯರಿಗೆ ಥಟ್ಟನೆ ತಿಳಿಯುವಂಥದು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕಿಲುಬದಿರಲೆಂದು ಒಳಗೆ ತವರದ ಕಲಾಯಿ ಹಾಕಿಸುವುದಿಲ್ಲವೆ? ಹಾಗೆಯೇ ಬಲವಾದ ಮಿಶ್ರಲೋಹದ ತಗಡಿನ ಎರಡು ಮೈಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳುವಾದ ಪದರವನ್ನು ಕೂಡಿಸಿ, ಒಟ್ಟಿಗೆ ಒತ್ತಿ ಹರಡುವರು. ಇದಕ್ಕೆ ಆಲ್‌ಕ್ಲ್ಯಾಡ್ ಎಂದು ಹೆಸರಿಟ್ಟರು. ಶುದ್ಧ ಅಲ್ಯೂಮಿನಿಯಂ ಗಾಳಿ ಸೋಕಿದೊಡನೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆಯನ್ನು ತಾನೇ ಹೊದ್ದುಕೊಳ್ಳುವುದು. ಬಲ ಒಳಗಿನದು, ರಕ್ಷೆ ಹೊರಗಿನದು. ಅಂದಿನಿಂದ ಬಣ್ಣವಿಲ್ಲದ ವಿಮಾನ ಹೊಳೆಯುವುದು ಈ ಕಲಾಯಿಯ ಬಲದಿಂದ. ಇದರಲ್ಲಿ ಒಂದು ಸೂಕ್ಷ್ಮವುಂಟು. ಅತಿಯಾಗಿ ಒಪ್ಪ ಹಾಕಿ ಉಜ್ಜಿದರೆ ಕಲಾಯಿಯೇ ಸವೆದುಹೋಗಿ, ಕಾಯಬೇಕಾದ ಲೋಹ ಬಯಲಾಗುವುದು.

ಮೂರನೆಯದು ತೂಕದ ಲೆಕ್ಕ. 1935ರ ಜುಲೈ 28ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಬೋಯಿಂಗ್ ಕಂಪನಿಯ ನಾಲ್ಕು ಎಂಜಿನುಗಳ ಬಾಂಬರ್ ಮೊದಲಬಾರಿ ಹಾರಿತು; ಮುಂದೆ ಬಿ-17 ಎಂದು ಹೆಸರಾದುದು ಅದೇ. ಆ ದಿನ ಅದು ಬರಿಯ ಲೋಹದ ಮೈಯಲ್ಲಿ ಬಿಸಿಲಿಗೆ ಮಿಂಚಿತು. ಯುದ್ಧ ಹತ್ತಿರವಾದಂತೆ ಅಮೆರಿಕದವರೂ ತಮ್ಮ ವಿಮಾನಗಳ ಬೆನ್ನಿಗೆ ಮಾಸಲು ಹಸಿರನ್ನೂ ಹೊಟ್ಟೆಗೆ ಬೂದಿಬಣ್ಣವನ್ನೂ ಬಳಿದರು. ಆದರೆ 1943ರ ಕೊನೆಯ ವೇಳೆಗೆ ಅವರು ಹೊಸ ವಿಮಾನಗಳಿಗೆ ಈ ಬಣ್ಣವನ್ನು ಬಿಟ್ಟುಬಿಡುವ ನಿರ್ಧಾರಕ್ಕೆ ಬಂದರು. 1944ರ ಮೊದಲ ತಿಂಗಳುಗಳಲ್ಲಿ ಬಣ್ಣವಿಲ್ಲದ ಬಾಂಬರುಗಳು ಇಂಗ್ಲೆಂಡಿಗೆ ಬರತೊಡಗಿದವು.

ಈ ನಿರ್ಧಾರಕ್ಕೆ ಕಾರಣಗಳು ಹಲವು. ದೊಡ್ಡ ಬಾಂಬರಿನ ಬಣ್ಣ ಸುಮಾರು ಎಪ್ಪತ್ತೆಂಬತ್ತು ಪೌಂಡು ತೂಗುವುದು. ಚಿಕ್ಕ ಕಾಳಗದ ವಿಮಾನದ್ದು ಹದಿನೈದಿಪ್ಪತ್ತು ಪೌಂಡು. ಮೇಲ್ಮೈ ನುಣುಪಾದರೆ ವೇಗ ತುಸು ಹೆಚ್ಚುವುದು. ಸಾವಿರಾರು ವಿಮಾನಗಳನ್ನು ಕಟ್ಟುವ ಕಾರ್ಖಾನೆಗೆ ಬಣ್ಣದ ಖರ್ಚೂ ಬಣ್ಣ ಒಣಗುವ ಹೊತ್ತೂ ಉಳಿಯುವುವು. ಇದಲ್ಲದೆ, ಇಪ್ಪತ್ತೈದು ಸಾವಿರ ಅಡಿಗಳ ಎತ್ತರದಲ್ಲಿ ನೂರಾರು ವಿಮಾನಗಳು ತಮ್ಮ ಹಿಂದೆ ಬಿಳಿಯ ಹಬೆಯ ಗೆರೆಗಳನ್ನು ಎಳೆದುಕೊಂಡು ಹೋಗುವಾಗ, ಬೆನ್ನಿಗೆ ಹಸಿರು ಬಳಿದು ಯಾರ ಕಣ್ಣಿಗೆ ಮಣ್ಣೆರಚಿದಂತಾಯಿತು? ಶತ್ರುವಿನ ರೇಡಾರ್ ಯಂತ್ರಕ್ಕಂತೂ ಬಣ್ಣದ ಗೊಡವೆಯೇ ಇಲ್ಲ. ಆದರೂ ಹಸಿರು ವಿಮಾನಗಳ ಗುಂಪಿನಲ್ಲಿ ಒಂದೇ ಒಂದು ಹೊಳೆಯುವ ವಿಮಾನ ಸೇರಿದರೆ ಶತ್ರುವಿನ ಕಣ್ಣು ಮೊದಲು ಅದರ ಮೇಲೆ ಬೀಳುವುದೆಂಬ ಅಂಜಿಕೆ ವೈಮಾನಿಕರಲ್ಲಿ ಇದ್ದಿತು. ಅದು ಸಹಜವೇ.

ಈ ಕಾರಣಗಳೆಲ್ಲದರ ಹಿಂದೆ ಇನ್ನೊಂದು ಕಾರಣವುಂಟು, ಅದೇ ಮುಖ್ಯವಾದುದು. ವಿಮಾನಕ್ಕೆ ಮರೆಬಣ್ಣ ಬಹುಮಟ್ಟಿಗೆ ಬೇಕಾಗುವುದು ನೆಲದ ಮೇಲೆ ನಿಂತಿರುವಾಗ, ಮೇಲಿನಿಂದ ಶತ್ರು ಬಂದು ಹೊಡೆಯದಿರಲೆಂದು. ತನ್ನ ನಿಲ್ದಾಣದ ಮೇಲೆ ಶತ್ರು ಬರಲಾರನೆಂಬ ಭರವಸೆ ಹುಟ್ಟಿದವನು ಮಾತ್ರ ಆ ಬಣ್ಣವನ್ನು ಬಿಡಬಲ್ಲನು. 1944ರ ಅಮೆರಿಕನ್ ವಿಮಾನದ ಹೊಳಪು ಆಕಾಶದ ಒಡೆತನ ಯಾರ ಕೈಗೆ ಬಂದಿತೆಂಬುದನ್ನು ಹೇಳುವ ಶಾಸನದಂತಿದೆ.

ಹಾಗೆಂದು ಎಲ್ಲ ಬರಿಮೈಯೂ ಗೆಲವಿನ ಗುರುತೆಂದು ತೀರ್ಮಾನಿಸುವಂತಿಲ್ಲ. ಅದೇ ಯುದ್ಧದ ಕೊನೆಯ ತಿಂಗಳುಗಳಲ್ಲಿ ಜರ್ಮನಿಯ ಕೆಲವು ಮೆಸರ್‌ಷ್ಮಿಟ್ ಮತ್ತು ಫೋಕೆವುಲ್ಫ್ ವಿಮಾನಗಳ ರೆಕ್ಕೆಯ ಕೆಳಭಾಗಗಳೂ ಬಣ್ಣವಿಲ್ಲದೆ ಬರಿಯ ಲೋಹವಾಗಿಯೇ ಕಾರ್ಖಾನೆಯಿಂದ ಹೊರಬಿದ್ದವು. ಅಲ್ಲಿ ಬಣ್ಣವನ್ನು ಬಿಟ್ಟುದು ಭರವಸೆಯಿಂದಲ್ಲ; ಸಾಮಾನು ಸಾಲದೆ, ಹೊತ್ತು ಸಾಲದೆ. ಬೆನ್ನಿನ ಮೇಲೆ ಮರೆಬಣ್ಣ ಹಾಗೆಯೇ ಇದ್ದಿತು, ಏಕೆಂದರೆ ಮೇಲಿನಿಂದ ಬರುವ ಶತ್ರುವಿನ ಭಯ ಹಾಗೆಯೇ ಇದ್ದಿತು. ಉಳ್ಳವನು ಸೆಕೆಗೆಂದು ಅಂಗಿಯನ್ನು ಕಳಚಿ ಕೂತಿರುವುದೂ ಇಲ್ಲದವನು ಅಂಗಿಯಿಲ್ಲದೆ ಕೂತಿರುವುದೂ ನೋಡುವ ಕಣ್ಣಿಗೆ ಒಂದೇ ಬಗೆ. ಕಾರಣವನ್ನು ಕೇಳಿದಲ್ಲದೆ ಅಂತರ ತಿಳಿಯದು.

ನಮ್ಮ ದೇಶದ ಆಕಾಶದಲ್ಲಿಯೂ ಈ ಬಗೆಯ ಭ್ರಮೆಗೆ ಒಳ್ಳೆಯ ಉದಾಹರಣೆಯುಂಟು. ಬ್ರಿಟಿಷರ ಮಸ್ಕೀಟೋ ಎಂಬ ವೇಗದ ವಿಮಾನ ಮರದಿಂದ ಮಾಡಿದುದು. ಬಾಲ್ಸಾ ಮರದ ತಿರುಳಿನ ಎರಡು ಕಡೆಗೆ ಬರ್ಚ್ ಮರದ ತೆಳುಹಲಗೆಗಳನ್ನು ಅಂಟಿಸಿ ಅದರ ಮೈಯನ್ನು ರಚಿಸುತ್ತಿದ್ದರು. 1944ರಲ್ಲಿ ಅದು ಭಾರತದ ನಿಲ್ದಾಣಗಳಲ್ಲಿ ಬಿಸಿಲಿಗೂ ಮಳೆಗಾಲದ ತೇವಕ್ಕೂ ನಿಂತಾಗ ಅಂಟಿನ ಕೀಲುಗಳು ಬಿಡುವ ಸಂಗತಿ ತಲೆದೋರಿತು. ಕೆಲವು ವಿಮಾನಗಳು ಆಕಾಶದಲ್ಲಿಯೇ ಮುರಿದು ವೈಮಾನಿಕರು ಪ್ರಾಣ ಕಳೆದುಕೊಂಡರು. ತನಿಖೆ ನಡೆಯಿತು, ಕಟ್ಟೋಣದ ಲೋಪಗಳನ್ನು ತಿದ್ದಿದರು. ಬಿಸಿಲನ್ನು ಹಿಂದಕ್ಕೆ ಅಟ್ಟಿ ಮೈಯನ್ನು ತಂಪಾಗಿಡಲೆಂದು ಈ ಭಾಗದ ಮಸ್ಕೀಟೋಗಳಿಗೆ ಅಡಿಯಿಂದ ಮುಡಿಯವರೆಗೆ ಅಲ್ಯೂಮಿನಿಯಂ ಬಣ್ಣವನ್ನು ಬಳಿದರು. 1945ರಲ್ಲಿ ಬರ್ಮಾದ ಕಡೆಗೆ ಬೆಳ್ಳಿಯಂತೆ ಹೊಳೆಯುತ್ತ ಹಾರಿದ ಆ ವಿಮಾನ ಒಳಗೆ ಅಪ್ಪಟ ಮರ. ಅದರ ಛಾಯಾಚಿತ್ರವನ್ನು ನೋಡಿ ಲೋಹದ ವಿಮಾನವೆಂದು ಬಗೆದವನು ಕಪ್ಪೆಚಿಪ್ಪಿಗೆ ಕೈಚಾಚಿದಂತೆಯೇ ಸರಿ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲುಂಟು. ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಪಾಲುಗಾರಿಕೆಯಿಂದಲೂ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಅಲ್ಲಿ ಸ್ಥಾಪಿತವಾಯಿತಷ್ಟೆ. 1943ರಿಂದ ಯುದ್ಧದ ಕೊನೆಯವರೆಗೆ ಆ ಕಾರ್ಖಾನೆ ಅಮೆರಿಕದ ವಾಯುದಳದ ಆಡಳಿತಕ್ಕೆ ಒಳಪಟ್ಟು, ಅವರ ವಿಮಾನಗಳನ್ನು ಬಿಚ್ಚಿ ದುರಸ್ತಿಮಾಡುವ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದಾಗ ಲಿಬರೇಟರ್ ಎಂಬ ದೊಡ್ಡ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದರು; ಇನ್ನು ಅವು ಹಾರಬಾರದೆಂದು ಕೆಡಿಸಿಯೇ ಬಿಟ್ಟುಹೋದರು. ನಮ್ಮ ಕುಶಲಕರ್ಮಿಗಳು ಅವುಗಳಲ್ಲಿ ನಲವತ್ತಕ್ಕೆ ಮೇಲ್ಪಟ್ಟು ವಿಮಾನಗಳನ್ನು ಮತ್ತೆ ಹಾರುವ ಸ್ಥಿತಿಗೆ ತಂದರು. ಕಂಪನಿಯ ಪರೀಕ್ಷಾ ವೈಮಾನಿಕರಾದ ಜಮ್ಷೆಡ್ ಮುನ್ಷಿಯವರು ಅವನ್ನು ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಲ್ಲಿ ಅವುಗಳಿಗೆ ಪೂರ್ಣವಾದ ದುರಸ್ತಿ ನಡೆಯಿತು. 1948ರಲ್ಲಿ ನಮ್ಮ ವಾಯುದಳದ 5ನೆಯ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ರೂಪುಗೊಂಡಿತು. ಬಣ್ಣವಿಲ್ಲದ ಲೋಹದ ಮೈಯಲ್ಲಿ ಭಾರತದ ಚಕ್ರವನ್ನು ಧರಿಸಿ ಅವು 1968ರವರೆಗೆ ಸೇವೆ ಸಲ್ಲಿಸಿದವು. ಆಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡು, ಅಮೆರಿಕ, ಕೆನಡಾ ದೇಶಗಳ ವಸ್ತುಸಂಗ್ರಹಾಲಯಗಳಿಗೆ ಸೇರಿದವು. ಹಾಳುಮಾಡಿ ಎಸೆದುದನ್ನು ನಮ್ಮವರು ಎತ್ತಿ ನಿಲ್ಲಿಸಿರದಿದ್ದರೆ ಆ ದೇಶಗಳ ಚರಿತ್ರೆಯ ಆ ಪುಟಗಳು ಅವರಿಗೇ ಸಿಕ್ಕುತ್ತಿರಲಿಲ್ಲ.

ಇನ್ನು ಈ ಹೊಳಪಿನ ಅತ್ಯಂತ ದಾರುಣವಾದ ಅಧ್ಯಾಯ. ಬಿ-29 ಎಂಬ ಭಾರಿಯ ಬಾಂಬರ್ ಯುದ್ಧಕ್ಕೆ ಮೊದಲು ಇಳಿದುದು ನಮ್ಮ ನೆಲದಿಂದ. ಬಂಗಾಳದ ಖರಗ್‌ಪುರದ ಸುತ್ತಿನ ನಿಲ್ದಾಣಗಳಿಂದ ಹೊರಟು 1944ರ ಜೂನ್ 5ರಂದು ಬ್ಯಾಂಕಾಕಿನ ಮೇಲೆ ಅದು ತನ್ನ ಮೊದಲ ದಾಳಿಯನ್ನು ನಡೆಸಿತು. ಅದಕ್ಕೆ ಮರೆಬಣ್ಣವಿರಲಿಲ್ಲ, ಉದ್ದಕ್ಕೂ ಬರಿಯ ಲೋಹ. 1945ರ ಮಾರ್ಚ್ 9 ಮತ್ತು 10ರ ನಡುವಣ ರಾತ್ರಿ ಟೋಕಿಯೋ ನಗರಕ್ಕೆ ಬೆಂಕಿಯಿಟ್ಟಾಗ, ಕೆಳಗಿನ ಜ್ವಾಲೆ ಮೇಲೆ ಹಾರುವ ವಿಮಾನಗಳ ಹೊಟ್ಟೆಯಲ್ಲಿ ಪ್ರತಿಫಲಿಸಿದುದನ್ನು ಬದುಕಿ ಉಳಿದವರು ವರ್ಣಿಸಿರುವರು. ತಮ್ಮ ಮನೆ ಉರಿಯುವ ಬೆಳಕನ್ನು ಉರಿಸಿದವನ ಮೈಮೇಲೆ ಕಾಣುವುದೆಂದರೆ ಎಂತಹ ದರ್ಶನವೆಂಬುದನ್ನು ಊಹಿಸಿಕೊಳ್ಳಿ. ಅದೇ ವರ್ಷ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಷಿಮಾದ ಮೇಲಿನ ಆಕಾಶ ನಿರ್ಮಲವಾಗಿದ್ದಿತು. ಬಹಳ ಎತ್ತರದಲ್ಲಿ ಬೆಳ್ಳಿಯ ಚುಕ್ಕೆಯೊಂದು ಮಿನುಗಿದುದನ್ನು ಕಂಡೆವೆಂದೂ, ಅದು ಅಂದವಾಗಿದ್ದಿತೆಂದೂ ಉಳಿದವರಲ್ಲಿ ಹಲವರು ಹೇಳಿರುವರು. ಇನ್ನು ಮರೆಸಿಕೊಳ್ಳಬೇಕಾಗಿಲ್ಲವೆಂಬ ಭರವಸೆ ಒಂದು ಪಕ್ಷಕ್ಕೆ ಪೂರ್ಣವಾಗಿ ಬಂದಾಗ ಇನ್ನೊಂದು ಪಕ್ಷಕ್ಕೆ ಏನು ಉಳಿಯುವುದೆಂಬುದು ಆ ಚುಕ್ಕೆಯಲ್ಲಿ ಬರೆದಿದ್ದಿತು.

ಆ ವಿಮಾನವನ್ನು ಅಮೆರಿಕದವರು ಸುಮಾರು ಮೂರು ಲಕ್ಷ ಗಂಟೆಗಳ ದುಡಿಮೆಯಿಂದ ಮತ್ತೆ ಜೋಡಿಸಿ, 2003ರಲ್ಲಿ ವಾಷಿಂಗ್‌ಟನ್ನಿನ ಹತ್ತಿರದ ಸಂಗ್ರಹಾಲಯದಲ್ಲಿ ನಿಲ್ಲಿಸಿದರು. ನೋಡಹೋದವರು ಮೊದಲು ಕಾಣುವುದು ಅದರ ಹೊಳಪನ್ನು. ಹೊಳಪನ್ನು ಕಂಡು ಹಿಂದಿರುಗಿದವನು ವಿಮಾನವನ್ನು ಕಂಡಂತಾಯಿತೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾವು ಚಿಕ್ಕ ಪ್ರತಿಕೃತಿಗಳ ವಿಷಯಕ್ಕೆ ಬರೋಣ.

ವಿಮಾನದ ಪ್ರತಿಕೃತಿ ಕೇವಲ ಮಕ್ಕಳ ಆಟಿಕೆಯಲ್ಲ. 1932ರಲ್ಲಿ ಇಂಗ್ಲೆಂಡಿನಲ್ಲಿ ಸ್ಕೈಬರ್ಡ್ಸ್ ಎಂಬ ಮರದ ಪ್ರತಿಕೃತಿಗಳು ಮಾರಾಟಕ್ಕೆ ಬಂದವು. ಎಪ್ಪತ್ತೆರಡರಲ್ಲಿ ಒಂದು ಅವುಗಳ ಪ್ರಮಾಣ. ಆರಡಿಯ ಆಳು ಒಂದಂಗುಲವಾಗುವನು. ಇಂದಿಗೂ ಹವ್ಯಾಸಿಗಳಲ್ಲಿ ಬಹಳವಾಗಿ ರೂಢಿಯಲ್ಲಿರುವ ಪ್ರಮಾಣ ಇದೇ. 1942ರ ಜನವರಿಯಲ್ಲಿ ಅಮೆರಿಕದ ನೌಕಾದಳ ಶಾಲೆಯ ಹುಡುಗರಿಂದ ಇದೇ ಪ್ರಮಾಣದ ಐದು ಲಕ್ಷ ಮರದ ವಿಮಾನಗಳನ್ನು ಕೇಳಿತು. ಆಕಾಶದಲ್ಲಿ ಕಂಡ ವಿಮಾನ ಮಿತ್ರನದೋ ಶತ್ರುವಿನದೋ ಎಂದು ಗುರುತಿಸುವುದನ್ನು ಸೈನಿಕರಿಗೆ ಕಲಿಸಲು ಅವು ಬೇಕಾಗಿದ್ದವು. ಅವುಗಳಿಗೆ ಹುಡುಗರು ಬಳಿಯಬೇಕಾಗಿದ್ದ ಬಣ್ಣ ಒಂದೇ: ಕಪ್ಪು. ಪ್ರಾಣದ ಪ್ರಶ್ನೆ ಬಂದಾಗ ಹೊಳಪಿಗೆ ಬೆಲೆಯಿಲ್ಲ, ಆಕಾರಕ್ಕೆ ಮಾತ್ರ ಬೆಲೆ. 1953ರಲ್ಲಿ ಏರ್‌ಫಿಕ್ಸ್ ಕಂಪನಿ ಪ್ಲಾಸ್ಟಿಕ್ಕಿನ ಸ್ಪಿಟ್‌ಫೈರನ್ನು ಹೊರತಂದ ಮೇಲೆ ಈ ಹವ್ಯಾಸ ಮನೆಮನೆಗೆ ಹಬ್ಬಿತು. ಹವ್ಯಾಸಿಗಳಿಗೆ ಎಲ್ಲಕ್ಕಿಂತ ಕಷ್ಟವಾದ ಬಣ್ಣವಾಗಿ ಕಂಡುದು ಈ ಬೆಳ್ಳಿಯೇ.

ಕಷ್ಟವೇಕೆಂದರೆ, ವಿಮಾನವನ್ನು ಕಿರಿದುಮಾಡಬಹುದು, ಬೆಳಕನ್ನು ಕಿರಿದುಮಾಡಲಾಗದು. ಬಣ್ಣದಲ್ಲಿರುವ ಅಲ್ಯೂಮಿನಿಯಂ ಚೂರು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು ಅಗಲವೆಂದು ಇಟ್ಟುಕೊಳ್ಳಿ. ಎಪ್ಪತ್ತೆರಡರಿಂದ ಗುಣಿಸಿದರೆ ಅದು ಎರಡು ಮಿಲಿಮೀಟರಿಗೆ ಮೇಲಾಗುವುದು. ನಿಜವಾದ ವಿಮಾನದ ಮೈಗೆ ಸಾಸಿವೆಯ ಕಾಳನ್ನು ಮೆತ್ತಿದಂತೆ! ಅದಕ್ಕಾಗಿ ಹವ್ಯಾಸಿಗಳು ಹಲವು ಉಪಾಯಗಳನ್ನು ಹೂಡಿರುವರು. ಕೆಲವರು ಕೂದಲೆಳೆಗಿಂತ ತೆಳುವಾದ ಬೇಗಡೆಯನ್ನು ತಗಡಿನ ಒಂದೊಂದು ಅಂಕಣಕ್ಕೂ ಕತ್ತರಿಸಿ ಅಂಟಿಸುವರು. ನಮ್ಮ ಮೈಸೂರಿನ ಚಿತ್ರಗಾರರು ಚಿನ್ನದ ರೇಕನ್ನು ಒತ್ತುವ ತಾಳ್ಮೆಯೇ ಅಲ್ಲಿಯೂ ಬೇಕು. ಮತ್ತೆ ಕೆಲವರು ಮೊದಲು ಕನ್ನಡಿಯಂತಹ ಕಪ್ಪನ್ನು ಬಳಿದು, ಅದರ ಮೇಲೆ ಅತಿಸೂಕ್ಷ್ಮವಾದ ಲೋಹಚೂರ್ಣವನ್ನು ಮಂಜಿನಂತೆ ಎರಚುವರು. ಕಪ್ಪಿನ ಆಳವಿಲ್ಲದೆ ಲೋಹ ಲೋಹವಾಗಿ ಕಾಣದು.

ಆದರೆ ಕೈಚಳಕಕ್ಕಿಂತ ಮೊದಲು ಬರುವುದು ಪ್ರಶ್ನೆ: ಯಾವ ಬೆಳ್ಳಿ? ಮಸ್ಟ್ಯಾಂಗ್ ಎಂಬ ಅಮೆರಿಕನ್ ವಿಮಾನವನ್ನು ತೆಗೆದುಕೊಳ್ಳಿ. ಅದರ ದೇಹ ಬರಿಯ ಲೋಹ. ರೆಕ್ಕೆ ಹಾಗಲ್ಲ. ಗಾಳಿ ಮುರಿಯದೆ ನುಣ್ಣಗೆ ಹರಿಯಲೆಂದು ಆ ರೆಕ್ಕೆಯ ಮುಂಭಾಗದ ಸಂಧಿಗಳನ್ನೂ ರಿವೆಟ್ಟುಗಳನ್ನೂ ಕಾರ್ಖಾನೆಯಲ್ಲಿ ಪುಟ್ಟಿಯಿಂದ ಮುಚ್ಚಿ, ಉಜ್ಜಿ ಸಮಮಾಡಿ, ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಬಳಿಯುತ್ತಿದ್ದರು. ಒಂದೇ ವಿಮಾನದಲ್ಲಿ ದೇಹದ ಬೆಳ್ಳಿ ಒಂದು, ರೆಕ್ಕೆಯ ಬೆಳ್ಳಿ ಇನ್ನೊಂದು. ಬಿ-17ರ ಚುಕ್ಕಾಣಿ ಮುಂತಾದ ಅಲುಗುವ ಭಾಗಗಳಿಗೆ ಬಟ್ಟೆ ಹೊದಿಸಿ ಬೆಳ್ಳಿಯ ಡೋಪ್ ಬಳಿದಿದ್ದರು. ಲೋಹದ ಮೈಯ ಪಕ್ಕದಲ್ಲಿ ಅದು ಮಂಕು. ಕಾದ ಹೊಗೆಕೊಳವೆಯ ಸುತ್ತಲಿನ ಉಕ್ಕಿಗೆ ಇನ್ನೊಂದು ಛಾಯೆ. ತಗಡನ್ನು ಎಳೆದ ದಿಕ್ಕು ಬೇರೆಯಾದರೂ ಬೆಳಕು ಬೇರೆಯಾಗಿ ಬೀಳುವುದು. ಇಷ್ಟನ್ನೂ ತಿಳಿದವನ ಪ್ರತಿಕೃತಿಯಲ್ಲಿ ನಾಲ್ಕೈದು ಬಗೆಯ ಬೆಳ್ಳಿಗಳಿರುವುವು. ತಿಳಿಯದವನದು ಒಂದೇ ಬೋಗುಣಿಯಲ್ಲಿ ಅದ್ದಿ ತೆಗೆದಂತಿರುವುದು.

ಇಲ್ಲಿ ವಿಚಿತ್ರವಾದ ಒಂದು ಅಡ್ಡಿಯುಂಟು. ಈಗ ಉತ್ಸವಗಳಲ್ಲಿ ಹಾರುವ ಹಳೆಯ ಮಸ್ಟ್ಯಾಂಗುಗಳಲ್ಲಿ ಹಲವನ್ನು ಅವುಗಳ ಒಡೆಯರು ಪುಟ್ಟಿಯನ್ನು ಕಿತ್ತು, ಕನ್ನಡಿಯಂತೆ ಮುಖ ಕಾಣುವವರೆಗೆ ಒಪ್ಪವಿಟ್ಟಿರುವರು. ಪ್ರೀತಿಯಿಂದಲೇ ಮಾಡಿದ ಕೆಲಸವದು. ಆದರೆ 1944ರ ರಣರಂಗದ ವಿಮಾನ ಎಣ್ಣೆ, ಹೊಗೆ, ಕೆಸರು, ಮೇಲೆ ನಡೆದಾಡಿದ ಬೂಟುಗಾಲಿನ ಗೀರುಗಳಿಂದ ಮಸುಕಾಗಿದ್ದಿತು. ಇಂದಿನ ಹೊಳಪನ್ನು ನೋಡಿ ಅಂದಿನ ಪ್ರತಿಕೃತಿಯನ್ನು ಮಾಡಿದವನು, ಕಣ್ಣಾರೆ ಕಂಡುದನ್ನೇ ನಂಬಿ ಮೋಸಹೋಗುವನು. ಹಳೆಯ ದೇವಾಲಯದ ಶಾಸನದ ಮೇಲೆ ಭಕ್ತಿಯಿಂದ ಸುಣ್ಣ ಬಳಿದಂತೆ, ಕಾಪಾಡುವ ಕೈಯೇ ಕೆಲವು ವೇಳೆ ಚರಿತ್ರೆಯನ್ನು ಅಳಿಸುವುದುಂಟು. ಆದಕಾರಣ ಒಳ್ಳೆಯ ಹವ್ಯಾಸಿ ಸಂಗ್ರಹಾಲಯದ ವಸ್ತುವಿಗಿಂತ ಆ ಕಾಲದ ಛಾಯಾಚಿತ್ರವನ್ನೂ ಕಾರ್ಖಾನೆಯ ಕಾಗದಪತ್ರಗಳನ್ನೂ ಹೆಚ್ಚಾಗಿ ನೆಚ್ಚುವನು. ಚರಿತ್ರಕಾರನು ಮಾಡುವುದು ಇದನ್ನೇ ಅಲ್ಲವೆ?

ಶ್ರೋತೃಗಳೆ, ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದರು. ಬೆಳ್ಳಿಯಂತಿರುವುದರಲ್ಲಿಯೂ ಎಷ್ಟು ಬಗೆಯೆಂಬುದನ್ನು ಈ ಅರ್ಧ ಗಳಿಗೆಯಲ್ಲಿ ಕಂಡೆವು. ಒಂದು ಬಟ್ಟೆಯನ್ನು ಕಾಯುವ ಬೆಳ್ಳಿ, ಒಂದು ಮರವನ್ನು ತಂಪಾಗಿಡುವ ಬೆಳ್ಳಿ. ಒಂದು ಗೆದ್ದವನ ನಿರ್ಭಯ, ಒಂದು ಸೋಲುತ್ತಿರುವವನ ಬಡತನ. ಒಂದು ಬೆಂಗಳೂರಿನ ಕೆಲಸಗಾರನ ಕೌಶಲ, ಒಂದು ಹಿರೋಷಿಮಾದ ಬೆಳಗಿನ ಚುಕ್ಕೆ. ನಿಮ್ಮ ಮನೆಯ ಹುಡುಗನು ಮೇಜಿನ ಮುಂದೆ ಕೂತು ಚಿಕ್ಕ ವಿಮಾನವೊಂದಕ್ಕೆ ಬಣ್ಣ ಬಳಿಯುತ್ತಿದ್ದರೆ ಹೊತ್ತುಗಳೆಯುತ್ತಿರುವನೆಂದು ಗದರಿಸಬೇಡಿ. ಅದು ಏಕೆ ಹೊಳೆಯುತ್ತಿದ್ದಿತಪ್ಪ, ಎಂದು ಪಕ್ಕದಲ್ಲಿ ಕೂತು ಕೇಳಿ. ಅವನು ಉತ್ತರ ಹುಡುಕಲು ಹೊರಟರೆ, ಆ ಒಂದಂಗುಲದ ವೈಮಾನಿಕನ ಹಿಂದೆ ನಿಂತ ಆರಡಿಯ ಮನುಷ್ಯನನ್ನೂ, ಅವನ ಕೆಳಗೆ ನೆಲದ ಮೇಲಿದ್ದ ಮನುಷ್ಯರನ್ನೂ ಒಂದು ದಿನ ಕಂಡುಕೊಳ್ಳುವನು.